ಗೊಡ್ಡು ಮರದ ಎರಡು ಕಾಯಿ

ಕ್ವೆಸಾಂಬು, ಅಮಾನಿ ಗುಡ್ಡ
ಜನವರಿ ೧೪, ಮಂಗಳವಾರ

ಒಂದು ಮೊಣಕಾಲು ನೋವಿಗೂ ಎರಡು ಮಸಾಂಬು ಎಣ್ಣೆಮರಗಳಿಗೂ ಏಕೈಕ ಒಡತಿಯಾದ ಪ್ರೀತಿಯ ಅಜ್ಜಿಗೆ,

ಮೊಮ್ಮಗಳು ಮ್ವನೈದಿಯ ಸಲಾಮು. ಟಾಂಗಾ ಪಟ್ಟಣದ ಸೆಕೆಗೆ ಮೊಣಕಾಲು ಸ್ವಲ್ಪ ಸಡಿಲವಾಯಿತೇ? ಅತ್ತೆಯ ಕೂಸು ನಿನ್ನನ್ನು ಮಲಗಲು ಬಿಡುತ್ತದೆಯೇ? ಇಲ್ಲಿ ನಾವೂ ಏಲಕ್ಕಿಯೂ ಆಡೂ ಕ್ಷೇಮ.

ಇನ್ನು ಮರದ ವಿಚಾರ. ನಿಂತು ಓದಿಸಿಕೊಳ್ಳುತ್ತಿದ್ದರೆ ಕುಳಿತುಕೋ. ಅತ್ತೆಯ ಮನೆಗೆ ಹೊರಡುವಾಗ ನೀನು ಚಿಕ್ಕಪ್ಪ ಹೋಜಾನಿಗೆ, ಹೊಳೆಬದಿಯ ಗೊಡ್ಡು ಮರ ಕಡಿದು ಲವಂಗ ನೆಡು ಎಂದು ಅಪ್ಪಣೆ ಕೊಟ್ಟೆ. ಪಕ್ಕದ ಮನೆಯ ಜುಹುರಾಳ ತಾಯಿಯ ಕಣ್ಣು ತಾಗಿಯೇ ಅದು ಗೊಡ್ಡಾಯಿತೆಂಬ ನಿನ್ನ ಗುಮಾನಿಯೂ ನನಗೆ ಗೊತ್ತು. ಸಸಿಮಡಿಯ ಮೇಷ್ಟ್ರು ಬಂದು, ಅದು ಗೊಡ್ಡಲ್ಲ, ಗಂಡು ಮರ, ಅದರ ಹೂವಿನಿಂದ ಜೇನು ಹಾರಿ ಬಂದರೇ ಮನೆಹಿಂದಿನ ಹೆಣ್ಣು ಮರ ಎಣ್ಣೆಕಾಯಿ ಬಿಡುವುದು ಎಂದಾಗ ನೀನೇನಂದೆ? “ನನ್ನ ಗಂಡನೇ ಯಾವ ಕೆಲ್ಸಕ್ಕೂ ಬರ್ಲಿಲ್ಲ, ಇನ್ನು ಮರದ ಗಂಡ ಏನ್ ಕಡಿದು ಹಾಕ್ತಾನೆ?” ಮೇಷ್ಟ್ರು ಅರ್ಧ ಚಹಾ ಬಿಟ್ಟು ಎದ್ದರು. ಆದರೆ ಅಜ್ಜಿ, ಆಚೆದಂಡೆಯ ಶೆಂಬೋಜಾನ ಮನೆಯವರು ತಮ್ಮ ಗೊಡ್ಡು ಮರ ಕಡಿದ ಮೇಲೆ ಉಳಿದ ಮರ ಮೂರು ವರ್ಷದಿಂದ ಬರೀ ಹೂವು ಉದುರಿಸುತ್ತಿದೆ. ಹೊಸದು ನೆಟ್ಟರೆ ಬೀಜ ಮೊಳೆಯಲು ವರ್ಷದ ಮೇಲಾಗುತ್ತದೆ, ಅದೂ ಹೆಗ್ಗಣ ಹೊತ್ತೊಯ್ಯದಿದ್ದರೆ. ಹೂವಿಗೆ ಇನ್ನೂ ಹತ್ತು ಹನ್ನೆರಡು ವರ್ಷ.

ಆದ್ದರಿಂದ ಕಳೆದ ಗುರುವಾರ ಚಿಕ್ಕಪ್ಪ ಕೊಡಲಿ ಹಿಡಿದು ಹೋಗುವಷ್ಟರಲ್ಲಿ ಗೊಡ್ಡು ಮರದಲ್ಲಿ ಪವಾಡವೊಂದು ನಡೆದಿತ್ತು. ಕೆಳಕೊಂಬೆಯಲ್ಲಿ ತಲೆಗಾತ್ರದ ಕಾಯಿ! ಪವಾಡ ಮಾಡಿದ ಮಹಾತ್ಮಳು ನಾನೇ. ಮನೆಹಿಂದೆ ಉದುರಿದ್ದ ಕಾಯನ್ನು ಬಾಳೆನಾರಿನಲ್ಲಿ ಕಟ್ಟಿದ್ದೆ. ಚಿಕ್ಕಪ್ಪ ಬಹಳ ಹೊತ್ತು ಕತ್ತೆತ್ತಿ ನೋಡಿ, “ಕಾಯಿ ಬಿಟ್ಟ ಮರ ಹೇಗೆ ಕಡಿಯೋದು” ಎಂದು ಹಿಂದಿರುಗಿದ. ಜುಹುರಾಳ ತಾಯಿ ಮಾತ್ರ, “ಒಂದೇ ರಾತ್ರಿಗೆ ಇಷ್ಟು ದಪ್ಪ ಕಾಯಾ? ನಮ್ಮ ಅಳಿಯನ್ನೂ ಇದರಡಿ ಒಂದಿನ ಮಲಗಿಸ್ಬೇಕು ಕಣೆ” ಎಂದು ಮರ ಬಿಟ್ಟು ನನ್ನನ್ನೇ ನೋಡಿದಳು.

ಅಂದಿನಿಂದ ಅವಳ ಮೇಲೆ ಒಂದು ಕಣ್ಣಿಟ್ಟಿದ್ದೇನೆ. ನಿನ್ನೆ ಬೆಳಿಗ್ಗೆ ನನ್ನ ಕಾಯಿ ಕೊಳೆಯಿತೇನೋ ಎಂದು ನೋಡಹೋದರೆ, ಕಾಯಿ ಎರಡಾಗಿವೆ. ಎರಡನೆಯದು ಕತ್ತಾಳೆ ಹಗ್ಗದಲ್ಲಿ, ಇನ್ನೂ ಮೇಲಿನ ಕೊಂಬೆಗೆ, ಗಂಟು ಕಾಣದಂತೆ ಎಲೆ ಮುಚ್ಚಿ. ಬುಡದಲ್ಲಿ ನಮ್ಮದೇ ಏಣಿ! ಹತ್ತಿ ಎಲೆ ಸರಿಸಿ ಗಂಟನ್ನೂ ನೋಡಿದೆ. ಊರೆದುರು ನಮ್ಮನ್ನು ನಗೆಪಾಟಲು ಮಾಡಲು ಅವಳೇ ಕಟ್ಟಿಸಿರಬೇಕೆಂದು ಅವಳ ಹಿತ್ತಲಲ್ಲಿ ಹಗ್ಗ ಹುಡುಕಿದೆ. ಹಗ್ಗ ಸಿಗಲಿಲ್ಲ, ಹೇಂಟೆ ಕುಕ್ಕಿತು. ವಿಚಾರಣೆ ನಡೆಯುತ್ತಿದೆ.

ಅತ್ತೆಗೆ ಸಲಾಮು, ಕೂಸಿನ ಕೆನ್ನೆಗೆ ಮುತ್ತು. ದೇವರು ನಿನ್ನ ಕಾಲಿಗೆ ಗಟ್ಟಿತನವನ್ನೂ ಮನಸ್ಸಿಗೆ ಮೆದುತನವನ್ನೂ ಕೊಡಲಿ.

ನಿನ್ನ ನಿರಪರಾಧಿ ಮೊಮ್ಮಗಳು,
ಮ್ವನೈದಿ

ಮರೆತ ಮಾತು: ಈ ಪತ್ರ ಒಯ್ಯುವ ಬಸ್ಸು ಹಾರ್ನ್ ಹೊಡೆಯುತ್ತಿದೆ. ಈಗಷ್ಟೇ ಚಿಕ್ಕಪ್ಪ ಆಡು ಕಟ್ಟುವುದನ್ನು ನೋಡಿದೆ. ಕತ್ತಾಳೆ ಹಗ್ಗ, ಎರಡು ಸುತ್ತು, ತುದಿ ಒಳಕ್ಕೆ. ಮರದ ಮೇಲಿನ ಗಂಟೇ ಅದು. ನಾನು ನೋಡಿದ್ದನ್ನು ಅವನೂ ನೋಡಿದ. “ಕಾಯಿ ಶುಕ್ರವಾರದವರೆಗೂ ನಿಲ್ಲಲ್ಲ. ಬಿದ್ಮೇಲೆ ಅಮ್ಮನ ಮಾತು ಮೀರೋಕೆ ನನಗೆ ನೆಪ ಇಲ್ಲ” ಎಂದು, ಈ ಲಕೋಟೆಗೆ ಅಂಟು ತಾನೇ ತಂದುಕೊಟ್ಟ. ಅಜ್ಜಿ, ಗುರುವಾರದ ಬಸ್ಸಿನ ಡ್ರೈವರ್ ಕೈಲಿ ‘ಕಡಿಯಬೇಡ’ ಎಂದು ಒಂದೇ ಮಾತು ಹೇಳಿ ಕಳಿಸು. ಇನ್ನೊಂದು ಕಾಯಿ ಕಟ್ಟೋಣವೆಂದರೆ ಆಡಿನ ಹಗ್ಗ ಆಗಲೇ ಗಿಡ್ಡವಾಗಿದೆ.