ಬಾವಲಿ ಗುಹೆಯ ಮುಂದೆ ರಕ್ತ ಕೊಡುವ ಸಾಲು

ಅಕ್ಕಾ, ಬ್ಯಾಂಕಾಕಿನಿಂದ ದೂರದ ಈ ಹಳ್ಳಿಯಲ್ಲಿ ಗೊಬ್ಬರಕ್ಕೆ ಬಾವಲಿ ಹಿಕ್ಕೆ ಬಾಚುವ ಕೂಲಿಗೆ ಸೇರಿ ಕೆಲವು ತಿಂಗಳಾಯಿತು. ಗುಹೆ ನೋಡಿಕೊಳ್ಳುವ ಬೌದ್ಧ ವಿಹಾರದ ಭಿಕ್ಷುಗಳು ನಮ್ಮನ್ನು ಗುಹೆಯೊಳಗೆ ಬಿಡುವುದು ಶನಿವಾರ ಮಾತ್ರ. ಅಪಾಯಕಾರಿ ರೋಗಾಣು ಸಂಶೋಧನೆಗೆ ಹೊರದೇಶಗಳಿಗೆ ಕೊಡುತ್ತಿದ್ದ ಹಣವನ್ನು ಅಮೆರಿಕ ಸರ್ಕಾರ ತಡೆದಿದೆಯೆಂದು ಬ್ಯಾಂಕಾಕಿನ ಕರಪತ್ರದಲ್ಲಿ ಓದಿದ್ದೆವಲ್ಲ? ಇಲ್ಲಿ ನಿಂತದ್ದು ಆ ಹಣದಲ್ಲಿ ನಮಗೆ ಕೊಡುತ್ತಿದ್ದ ಮಾಸ್ಕ್ ಮಾತ್ರ. ಮಾಸ್ಕ್ ತರುತ್ತಿದ್ದ ಸಂಶೋಧಕರ ವ್ಯಾನೇ ಈಗ ಮೈಮೇಲಿದ್ದ ಸಂಸ್ಥೆಯ ಹೆಸರು ಅಳಿಸಿಕೊಂಡು ಬಂದು, ಬಾವಲಿಯ ರೋಗಾಣು ನಮಗೆ ತಗುಲಿದೆಯೇ ಎಂದು ನೋಡಲು ನಮ್ಮ ರಕ್ತ ತೆಗೆಯುತ್ತಿದೆ.

“ಈಗ ಯಾರ ದುಡ್ಡು, ಡಾಕ್ಟ್ರೇ?” ಎಂದೆ.

“ನಿಂಗ್ಯಾಕಮ್ಮ ಅದೆಲ್ಲ? ಬಿಸ್ಕತ್ತು ತಿಂದು ತೋಳು ಕೊಡು.”

“ಹೋದ ಸಲ ತಗೊಂಡ್ರಲ್ಲ, ಅದ್ರಲ್ಲಿ ಏನ್ ಸಿಕ್ತು ಹೇಳಿ. ಆಮೇಲೆ ಕೊಡ್ತೀನಿ.”

ಡಾಕ್ಟರು ನಕ್ಕರು. ನನ್ನ ಹಿಂದೆ ಕೆಮ್ಮುತ್ತಿದ್ದ, ನಾನು ಬಾಡಿಗೆಗಿರುವ ಮನೆಯ ಒಡತಿ ಬುವಾಲೈ ಚಿಕ್ಕಮ್ಮ ನಗದೆ, ಮಡಚಿದ್ದ ಅಂಗಿಯ ತೋಳನ್ನು ಕೆಳಗೆಳೆದುಕೊಂಡಳು. ಸಾಲಿನವರೆಲ್ಲ ಎಳೆದುಕೊಂಡರು. ಬಿಸ್ಕತ್ತನ್ನು ಮಾತ್ರ ಯಾರೂ ಹಿಂದಿರುಗಿಸಲಿಲ್ಲ.

ನನಗೆ ಜ್ವರವಿಲ್ಲ, ಅವಳಿಗಿದೆ. ಇಬ್ಬರಿಗೂ ಮಾಸ್ಕ್ ಬೇಗ ಕಳಿಸು.

ಅವಸರದಲ್ಲಿ, ರಂಪಾ