ನನಗೊಬ್ಬಳಿಗೇ ಕಂಡ ತಪ್ಪು

ಸೋಲಾಪುರ, ಅಕ್ಕಲಕೋಟ ರೋಡ್
೧೯ ಜನವರಿ ೨೦೨೫, ರವಿವಾರ

ಪ್ರೀತಿಯ ಮುತ್ಯಾ,

ಇಲ್ಲಿಂದಲೇ ನಿನ್ನ ಕಾಲು ಮುಟ್ಟಿದ್ದೇನೆ. ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತೇ? ಮರವಡೆ ಕಡೆ ಈಗ ಯಾರ ಹೊಲದಲ್ಲಿ ಕುರಿ ತರುಬಿದ್ದೀರಿ? ಬೆಳಗಿನ ಥಂಡಿಗೆ ಕಂಬಳಿ ಸರಿಯಾಗಿ ಹೊದೆಯುತ್ತೀಯೋ, ಇಲ್ಲ ಅದನ್ನೂ ಮರಿಗಳಿಗೆ ಹೊದಿಸಿ ನಡುಗುತ್ತ ಕೂರುತ್ತೀಯೋ? ಧನರಾಜ ಕಾಕಾನ ಫೋನಿಗೆ ಮಾಡಿದರೆ ನೀನು ‘ಆರಾಮ ಅದೀನಿ ಬಿಡ’ ಎಂದು ಫೋನು ಅವನ ಕೈಗೇ ಕೊಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ನನ್ನ ಶಾಲೆಯೆಲ್ಲ ಮರಾಠಿ. ಕನ್ನಡ ಕಲಿಸಿದವನು ನೀನು, ಬೋರಾಮಣಿಯ ಹುಲ್ಲುಗಾವಲಿನಲ್ಲಿ ಕೋಲಿನಿಂದ ಮಣ್ಣಿನ ಮೇಲೆ ಬರೆದು. ತಪ್ಪಿದ್ದರೆ ಬೈಯಬೇಡ. ದೊಡ್ಡ ಅಕ್ಷರದಲ್ಲಿ ಬರೆಯಬಹುದಿತ್ತು. ಬೇಕೆಂದೇ ಯಾವಾಗಿನಂತೆ ಸಣ್ಣಗೆ ಬರೆದಿದ್ದೇನೆ, ಯಾಕೆಂದು ಕೊನೆಗೆ ಹೇಳುತ್ತೇನೆ.

ನಾನು ಶೈಲೇಶ ಅವರ ವರ್ಕ್‌ಶಾಪಿನಲ್ಲೇ ಇದ್ದೇನೆ. ಟವೆಲ್ ಮಗ್ಗಕ್ಕೆ ಕೂರಿಸುವ ಸಣ್ಣ ಡಬ್ಬಿ ಮಾಡುತ್ತೇವೆ. ನೂಲು ಕಡಿದರೆ ಅದು ಮಗ್ಗ ನಿಲ್ಲಿಸಬೇಕು. ಡಬ್ಬಿ ಏನು ಮಾಡಬೇಕೆಂದು ಬರೆಯುವವಳು ನಾನು. ಬರೆದದ್ದನ್ನು ಅದಕ್ಕೆ ತಿಳಿಯುವ ಮಾತಿಗೆ ತಿರುಗಿಸಲು ಕಂಪೈಲರ್ ಎಂಬುದೊಂದು ಇದೆ, ದುಭಾಷಿ ಅಂದುಕೋ. ನಮ್ಮ ದುಭಾಷಿಗೆ ಮಾಲೀಕನಿಲ್ಲ. ಯಾವ ಯಾವುದೋ ದೇಶದ ಜನ ಕೂಡಿ ಕಟ್ಟಿ, ಒಳಗಿನದನ್ನೆಲ್ಲ ತೆರೆದಿಟ್ಟಿದ್ದಾರೆ. ತಪ್ಪು ಕಂಡವರು ಯಾರಾದರೂ ಅವರ ಪುಟದಲ್ಲಿ ದೂರು ಬರೆಯಬಹುದು. ದೂರಿಗೊಂದು ನಂಬರು ಬೀಳುತ್ತದೆ, ಸರಿಯಾಗುವವರೆಗೂ ಎಲ್ಲರ ಎದುರಿಗೆ ಇರುತ್ತದೆ. ದೀಪಾವಳಿ ಮುಗಿದ ಮೇಲೆ ನನಗೊಂದು ತಪ್ಪು ಸಿಕ್ಕಿತು. ಬೇಗ ಓಡುವಂತೆ ತಿರುಗಿಸು ಎಂದರೆ ಈ ದುಭಾಷಿ, ‘ನೂಲು ಕಡಿದಿದೆಯೇ ನೋಡು’ ಎಂಬ ನನ್ನ ಮಾತನ್ನೇ ನುಂಗಿಬಿಡುತ್ತದೆ. ನೂಲು ಕಡಿದರೂ ಮಗ್ಗ ಓಡುತ್ತಲೇ ಇರುತ್ತದೆ.

ಅವಸರಗೇಡಿ ನಾನು, ವರ್ಕ್‌ಶಾಪಿನ ಇಡೀ ಬರಹವನ್ನೇ ದೂರಿನಲ್ಲಿ ಸುರಿದುಬಿಟ್ಟೆ. ಅದನ್ನು ಓದುವ ವ್ಯವಧಾನ ಯಾರಿಗಿದೆ? ‘ನಮ್ಮಲ್ಲಿ ಹೀಗಾಗುತ್ತಿಲ್ಲ’ ಎಂದು ಬರೆದು ಮುಚ್ಚಿಬಿಟ್ಟರು. ಶೈಲೇಶ ಅವರು ‘ಸೋಡೂನ ದೇ ಗ’, ಬಿಟ್ಟುಬಿಡು, ನಿಧಾನದ್ದೇ ಸಾಕು ಎಂದರು. ನನಗೆ ಬಿಡಲಾಗಲಿಲ್ಲ. ಕುರಿಗಳು ಹೊಟ್ಟೆ ಉಬ್ಬಿ ಬೀಳುತ್ತಿದ್ದ ವರ್ಷ ನೀನು ಹಿಂಡನ್ನು ಅರ್ಧ ಮಾಡಿದ್ದು ನೆನಪಾಯಿತು. ಅರ್ಧಕ್ಕೆ ಹಳ್ಳದ ನೀರು, ಅರ್ಧಕ್ಕೆ ಬಾವಿ ನೀರು; ನೀರಿನದಲ್ಲ ಎಂದು ಗೊತ್ತಾದ ಮೇಲೆ ಮೇವಿಗೂ ಹಾಗೆಯೇ ಮಾಡಿ, ಕಡೆಗೆ ಬದುವಿನ ಮೇಲಿನ ಒಂದು ಗಿಡದ್ದೇ ತಪ್ಪೆಂದು ಕಂಡುಹಿಡಿದೆ. ನಾನೂ ಬರಹದಲ್ಲಿ ಅರ್ಧ ತೆಗೆದು ನೋಡಿದೆ, ಉಳಿದದ್ದರಲ್ಲಿ ಮತ್ತೆ ಅರ್ಧ. ಅಂಗೈಯಷ್ಟು ಉಳಿಯಿತು, ತಪ್ಪು ಅದರಲ್ಲೇ ಕೂತಿತ್ತು. ಅದನ್ನು ಹಾಕಿ, ದಯವಿಟ್ಟು ಮತ್ತೊಮ್ಮೆ ನೋಡಿ ಎಂದು ಬರೆದೆ.

ವಾರಗಟ್ಟಲೆ ಆ ಪುಟದಲ್ಲಿ ಯಾರೂ ಉತ್ತರ ಬರೆಯಲಿಲ್ಲ. ಮುತ್ಯಾ, ನನಗೆ ಇಲ್ಲಿ ಬಹಳ ಒಂಟಿ ಅನ್ನಿಸುತ್ತದೆ. ಜನ ಕೆಟ್ಟವರಲ್ಲ, ಊಟದ ಡಬ್ಬಿ ಬಿಚ್ಚಿದರೆ ನನಗೂ ಚಟ್ನಿ ಕೊಡುತ್ತಾರೆ. ಆದರೆ ಎದುರಿಗೇ ಇರುವ ತಪ್ಪು ನನಗೊಬ್ಬಳಿಗೇ ಕಂಡು ಉಳಿದವರಿಗೆ ಕಾಣದಿದ್ದರೆ, ತಪ್ಪು ನನ್ನಲ್ಲೇ ಇದೆಯೇನೋ ಅನ್ನಿಸತೊಡಗುತ್ತದೆ. ಮೊನ್ನೆ ಸಂಕ್ರಾಂತಿಯ ಮರುದಿನ ಪುಟ ತೆರೆದರೆ, ಹೆಸರು ಕೇಳದ ದೇಶದ ಒಬ್ಬಾಕೆ ಬರೆದಿದ್ದಳು: ‘ನನ್ನ ಹತ್ತಿರವೂ ಹೀಗೇ ಆಗುತ್ತಿದೆ.’ ಅಷ್ಟೇ. ಮುಚ್ಚಿದ ದೂರನ್ನು ಮತ್ತೆ ತೆರೆದರು. ತಪ್ಪು ಇನ್ನೂ ಸರಿಯಾಗಿಲ್ಲ, ಇದೆ ಎಂದು ಒಪ್ಪಿಕೊಂಡಿದ್ದಾರೆ. ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ, ಶೈಲೇಶ ಅವರು ಗಾಬರಿಯಾಗಿ ಚಹಾ ತರಿಸಿದರು.

ಅಳುವಾಗ ನೆನಪಾದದ್ದು ನೀನು. ನಮ್ಮಲ್ಲಿ ಕುರಿ ಎಣಿಸಬಾರದು, ದೃಷ್ಟಿ ತಗಲುತ್ತದೆ ಎನ್ನುತ್ತಾರೆ. ನೀನು ಸಂಜೆ ದೊಡ್ಡಿಯ ಬಾಯಲ್ಲಿ ನಿಂತು ಒಂದೊಂದರ ಮುಖ ನೋಡಿಯೇ ಒಳಗೆ ಬಿಡುತ್ತಿದ್ದೆ. ಈ ಸಲ ನೀವು ಕುರಿ ಹೊಡೆದುಕೊಂಡು ಹೊರಡುವ ಮುಂಚೆ ನಾನು ನೋಡಿದೆ, ನೀನು ಮುಖ ನೋಡುತ್ತಿರಲಿಲ್ಲ. ಒಂದೊಂದರ ಕಿವಿ ಹಿಡಿದು, ನಮ್ಮ ಗುರುತಿನ ಕಚ್ಚು ಇದೆಯೇ ಎಂದು ಬೆರಳಿನಿಂದ ತಡವುತ್ತಿದ್ದೆ. ಎಲ್ಲರೂ ‘ಮುತ್ಯಾಗ ಈಗೀಗ ಕುರಿ ಮ್ಯಾಲ ಭಾಳ ಮಾಯೆ’ ಎಂದು ನಕ್ಕರು. ಕಣ್ಣು ಕಾಣುತ್ತಿಲ್ಲ ಎಂದು ನಾನು ಹೇಳಿದರೆ ಅಪ್ಪ, ‘ನಿನಗಷ್ಟ ಹಂಗ ಕಾಣತೈತಿ, ನಮಗ್ಯಾರಿಗೂ ಹಂಗೇನ ಅನಸಂಗಿಲ್ಲ’ ಎಂದು ಮಾತು ಮುಗಿಸಿದರು. ನೀನೂ ಅವರ ಪಕ್ಷವೇ ಹಿಡಿದೆ. ಆದರೆ ಯಾವ ಬೀರೋಬಾ ದೇವರ ಹಾಡಿನ ಪುಸ್ತಕಕ್ಕಾಗಿ ನೀನು ಓದಲು ಕಲಿತೆಯೋ, ಅದನ್ನು ಈ ಸಲ ಮನೆಯ ಗೂಡಿನಲ್ಲೇ ಬಿಟ್ಟು ಹೋಗಿದ್ದೀಯ. ಮರೆತು ಬಿಟ್ಟೆಯೆಂದು ಅಪ್ಪ ಹೇಳುತ್ತಾರೆ, ನಾನು ನಂಬುವುದಿಲ್ಲ.

ನಿಮಗೆ ಗಾಡಿಯಲ್ಲಿ ಹಿಟ್ಟು-ಸಾಮಾನು ಒಯ್ಯುವ ಬಂಡೆಪ್ಪ ಮಾಮಾನ ಕೈಯಲ್ಲಿ ಈ ಕಾಗದದ ಜೊತೆ ಶೇಂಗಾ ಹೋಳಿಗೆ ಕಳಿಸಿದ್ದೇನೆ, ನಾಯಿಗೆ ಹಾಕದೆ ನೀನು ತಿನ್ನು. ಕಾಕಾನಿಗೆ ನಮಸ್ಕಾರ, ಮರಿಗಳಿಗೆ ಮುದ್ದು. ಬೀರೋಬಾ ನಿನ್ನ ಹಿಂದೆ ಮುಂದೆ ಇರಲಿ.

ನಿನ್ನ ಮೊಮ್ಮಗಳು,
ದೀಪಾಲಿ

ತಾ.ಕ.: ಮಾಮಾ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಇಷ್ಟು ಸಣ್ಣ ಅಕ್ಷರವನ್ನು ನೀನೇ ಓದುತ್ತಿದ್ದರೆ ತಪ್ಪು ನನ್ನದು. ಫೋನು ಮಾಡಿ ಮನಸಾರೆ ಬೈ, ನಾನು ಕುಣಿಯುತ್ತೇನೆ. ಆದರೆ ಮೊದಲ ಸಾಲಿನಿಂದ ಮಾಮಾನೇ ಓದಿ ಹೇಳುತ್ತಿದ್ದರೆ, ಅವನಿಗೆ ಏನು ನೆಪ ಹೇಳಿದೆ? ಕನ್ನಡಕ ಬಿಟ್ಟು ಬಂದೆ ಅಂದೆಯಾ? ನೀನು ಕನ್ನಡಕ ಹಾಕಿದ್ದೇ ಇಲ್ಲ ಮುತ್ಯಾ. ಮಾಮಾ, ಈಗ ನಿನಗೂ ಕಂಡಿತಲ್ಲ, ಇನ್ನು ನಾನೊಬ್ಬಳೇ ಅಲ್ಲ. ಓದುವುದು ಇಲ್ಲಿಗೆ ಬಿಟ್ಟು ಮುತ್ಯಾನ ಕಂಬಳಿ ಗಾಡಿಗೆ ಹಾಕು. ಬುಧವಾರ ಇಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಹೆಸರು ಬರೆಸಿದ್ದೇನೆ. ಕುರಿ ಕಾಕಾ ನೋಡಿಕೊಳ್ಳುತ್ತಾನೆ. ಮುತ್ಯಾ, ಬಂದು ನನ್ನ ಕಿವಿ ತಡವಬೇಡ, ಮುಖ ನೋಡು.