ಬಾರದ ರೈಲಿಗಾಗಿ ಹೋದ ಬಸ್ಸು

ಹೊಸ ರೈಲು ಮಾರ್ಗಗಳ ಮುಖ್ಯಸ್ಥರ ಕುರ್ಚಿಯಲ್ಲಿ ಸದ್ಯಕ್ಕೆ ಕೂತಿರುವ ಮಾನ್ಯರೇ,

ನೀವು ರೈಲು ತರಲಿಲ್ಲ ಎಂಬುದು ನನ್ನ ದೂರಲ್ಲ. ಒಂಬತ್ತು ವರ್ಷಗಳಲ್ಲಿ ಅದಕ್ಕೆ ಒಗ್ಗಿಹೋಗಿದ್ದೇವೆ. ಬಾರದ ಆ ರೈಲಿನ ಹೆಸರು ಹೇಳಿ ನಮ್ಮ ಬೆಳಗಿನ ಐದೂ ಮುಕ್ಕಾಲಿನ ಬಸ್ಸನ್ನು ಕಿತ್ತುಕೊಂಡಿರಿ ಎಂಬುದು ದೂರು. 'ರೈಲು ಬರುತ್ತಿರುವುದರಿಂದ ಬಸ್ಸಿನ ಅಗತ್ಯವಿಲ್ಲ' ಎಂದು ನಿಮ್ಮ ಕಚೇರಿ ಬರೆದುಕೊಟ್ಟ ಕಾಗದವನ್ನು ಡಿಪೋದವರು ಗೋಡೆಗೆ ಅಂಟಿಸಿದ್ದಾರೆ. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಪ್ರೆಸೆಂಟ್ ಕಂಟಿನ್ಯುಯಸ್ ಟೆನ್ಸ್ ಎಂದು ಒಂದನ್ನು ಕಲಿಸಿದ್ದರು: ಈಸ್ ಕಮಿಂಗ್, ಬರುತ್ತಿದೆ. ಬರುತ್ತಿರುವುದು ಎಷ್ಟು ವರ್ಷದೊಳಗೆ ಬಂದು ಮುಟ್ಟಬೇಕು ಎಂದು ಹೇಳಿದ್ದರೋ ಇಲ್ಲವೋ ನೆನಪಿಲ್ಲ. ನಾನು ಆ ಪೇಪರಿಗೆ ಎರಡು ಸಲ ಕೂತವನು.

ನನ್ನ ಮಗಳು ಪಕ್ಕದ ಪಟ್ಟಣದ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿಯುತ್ತಾಳೆ. ಏಳಕ್ಕೆ ಪಾಳಿ, ಈಗಿನ ಮೊದಲ ಬಸ್ಸು ಏಳೂವರೆಗೆ ಇಳಿಸುತ್ತದೆ. ಹಾಗಾಗಿ ಹಾಲಿನ ವ್ಯಾನಿನಲ್ಲಿ ಡ್ರೈವರ್ ಪಕ್ಕ ಮುದುಡಿಕೊಂಡು ಹೋಗುತ್ತಾಳೆ. ವ್ಯಾನು ಕೆಟ್ಟ ದಿನ ತಡ. 'ನಿಮ್ಮೂರಲ್ಲಿ ಸ್ಟೇಷನ್ ಕಟ್ಟಿದಾರಲ್ಲಮ್ಮ, ರೈಲಲ್ಲಿ ಬಾ' ಎಂದರಂತೆ ಸೂಪರ್‌ವೈಸರ್. 'ಸ್ಟೇಷನ್ ಇದೆ ಮೇಡಂ, ಗಡಿಯಾರಾನೂ ಇದೆ, ರೈಲೊಂದೇ ಕಮ್ಮಿ' ಎಂದಳಂತೆ ಇವಳು. ಅದಕ್ಕೊಂದು ಮೆಮೊ. ಇನ್ನೊಮ್ಮೆ ತಡವಾದರೆ ಬರುವುದೇ ಬೇಡ ಎಂದು ಅದರಲ್ಲಿದೆ.

ಅಂಥದ್ದೇನು ಬಾಕಿ ಎಂದು ನಾನೇ ಹೋಗಿ ನೋಡಿದೆ. ಹಳಿಯ ದಾರಿಗೆ ಸುತ್ತಿ ಸುತ್ತಿ ಅಡ್ಡ ಬರುವ ಒಂದೇ ಕಾಲುವೆಯ ಮೇಲೆ ಹನ್ನೊಂದು ಸಣ್ಣ ಸೇತುವೆ, ಎಲ್ಲದರ ಅಳತೆಯೂ ಒಂದೇ. ನಾಲ್ಕು ಮುಗಿದಿವೆ.

'ಐದನೇದು ಯಾಕಪ್ಪ ನಿಂತಿದೆ?' ಎಂದು ಮೇಸ್ತ್ರಿಯನ್ನು ಕೇಳಿದೆ.

'ಡ್ರಾಯಿಂಗ್ ಬಂದಿಲ್ಲ ಯಜಮಾನ್ರೆ.'

'ನಾಲ್ಕನೇದರದ್ದು ಇದೆಯಲ್ಲ?'

'ಅದು ನಾಲ್ಕನೇದಕ್ಕೆ. ಒಂದೊಂದಕ್ಕೂ ಬೇರೆ ಮಂಜೂರಾತಿ. ಕಟ್ಟೋಕೆ ಎರಡು ತಿಂಗಳು, ಸಹಿಗೆ ಎರಡು ವರ್ಷ.'

'ಅಲ್ಲಿವರೆಗೆ ನೀವೇನು ಮಾಡ್ತೀರಿ?'

'ಜಲ್ಲಿ ಕಾಯ್ತೀವಿ. ಅದಕ್ಕೆ ಡ್ರಾಯಿಂಗ್ ಬೇಡ.'

ನನ್ನ ಹೆಂಡತಿ ಹೊಲಿಗೆಯವಳು. ತೀರಿಹೋಗಿ ಮೂರು ವರ್ಷವಾಯಿತು. ಶಾಲೆಯ ಯೂನಿಫಾರ್ಮ್ ಬಂದರೆ ಒಂದು ರಟ್ಟು ಕತ್ತರಿಸಿಟ್ಟುಕೊಂಡು, ಅದನ್ನೇ ಬಟ್ಟೆಯ ಮೇಲಿಟ್ಟು ನಲವತ್ತು ಅಂಗಿಗೆ ಗೆರೆ ಎಳೆಯುತ್ತಿದ್ದಳು. ಒಮ್ಮೆ ನಾನು ನೆರವಾಗಲು ಹೋಗಿ ಒಂದೊಂದು ಅಂಗಿಗೂ ಟೇಪು ಹಿಡಿದೆ. 'ಏನ್ರೀ, ಇಷ್ಟು ಓದಿದೀರಿ, ರಟ್ಟು ಯಾಕಿದೆ ಅಂತ ಗೊತ್ತಾಗಲಿಲ್ವಾ?' ಎಂದಳು. ಮಾನ್ಯರೇ, ನೀವು ನನಗಿಂತ ಬಹಳ ಹೆಚ್ಚು ಓದಿದವರು. ಪ್ರೊಡಕ್ಟಿವಿಟಿಯ ಬಗ್ಗೆ ಮೂರು ದಿನ ವಿಚಾರ ಸಂಕಿರಣವನ್ನೂ ನಡೆಸಿದಿರಿ. ಆ ಮೂರು ದಿನದಲ್ಲಿ ಯಾರಿಗೂ ರಟ್ಟಿನ ನೆನಪಾಗಲಿಲ್ಲವೇ?

ಮಗಳಿಗೀಗ ನಲವತ್ತಮೂರು. ನಿಮ್ಮ ವೇಗದಲ್ಲಿ ಉಳಿದ ಏಳು ಸೇತುವೆಗೆ ಹದಿನೈದು ವರ್ಷ. ಕೆಲಸ ಉಳಿದಿದ್ದರೆ ಅವಳು ನಿವೃತ್ತಿಯ ದಿನ ರೈಲಿನಲ್ಲಿ ಹೋಗಿಬರಬಹುದು. ಕೈಬೀಸಲು ನಾನಿರುವುದಿಲ್ಲ.

ಆದ್ದರಿಂದ ರೈಲು ಕೇಳುತ್ತಿಲ್ಲ. ಡಿಪೋ ಮ್ಯಾನೇಜರ್ ಸಜ್ಜನರು. 'ರೈಲು ಬರಲ್ಲ ಅಂತ ಅವರು ಬರೆದುಕೊಡಲಿ ಸರ್, ನಾಳೇನೇ ಬಸ್ ಬಿಡ್ತೀನಿ' ಎಂದಿದ್ದಾರೆ. ಆ ಒಂದು ಸಾಲು ಕೊಡಿ. ಸೀಲು ಹಾಕಿ, ಹಾಲಿನ ವ್ಯಾನು ಇನ್ನೊಮ್ಮೆ ಕೆಡುವುದರೊಳಗೆ ಕಳುಹಿಸಿ. ಅದೂ ಬಾರದು ಎಂದು ಗೊತ್ತು. ಬರುವುದಿಲ್ಲ ಎನ್ನಲು ನಿಮಗೆ ಯಾರ ಯಾರ ಸಹಿ ಬೇಕೋ.

ಇಂತಿ,
ನಿಮ್ಮ ವಿಶ್ವಾಸಿ ಎಂದು ಬರೆಯಲು ಕೈ ಬಾರದ,
ಲಾಂಡ್ರಿಯವಳ ಅಪ್ಪ